ಚಂಡಮಾರುತ ಋತು: ಕೊಟ್ಟಿಗೆಯನ್ನು ಮರೆತರೆ ಮನೆಯ ಸಿದ್ಧತೆ ಅಪೂರ್ಣ



2023ರ ಜೂನ್ 15ರಂದು 'ಬಿಪರ್‌ಜಾಯ್' ಚಂಡಮಾರುತವು ಗುಜರಾತಿನ ಕಛ್ ಜಿಲ್ಲೆಯ ಜಖೌ ಬಂದರಿನ ಸಮೀಪ ತೀರವನ್ನು ಅಪ್ಪಳಿಸಿತು. ಅಷ್ಟರೊಳಗೆ ಅಲ್ಲಿನ ಆಡಳಿತವು ಒಂದು ಲಕ್ಷಕ್ಕೂ ಅಧಿಕ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸ್ಥಳಾಂತರಿಸಿತ್ತು. ಮುನ್ಸೂಚನೆಯು ದಿನಗಳ ಮೊದಲೇ ದೊರೆತಿತ್ತು, ಆಶ್ರಯ ಕೇಂದ್ರಗಳು ಸಜ್ಜಾಗಿದ್ದವು. ಆದರೂ ಆ ದಿನ ಭಾವನಗರ ಜಿಲ್ಲೆಯಿಂದ ಎರಡು ಸಾವುಗಳು ವರದಿಯಾದವು. ಮೃತಪಟ್ಟವರು ಒಬ್ಬ ಪಶುಪಾಲಕ ಮತ್ತು ಆತನ ಮಗ. ಹಳ್ಳದ ನೀರಿನಲ್ಲಿ ಸಿಲುಕಿದ ತಮ್ಮ ಆಡುಗಳನ್ನು ಉಳಿಸಲೆಂದು ನೀರಿಗೆ ಇಳಿದವರು ಮರಳಿ ಬರಲಿಲ್ಲ.

ಈ ಘಟನೆಯನ್ನು ಕೇವಲ ದುರದೃಷ್ಟವೆಂದು ಬದಿಗಿಡುವುದು ಸರಿಯಲ್ಲ. ಜಾನುವಾರುಗಳನ್ನೇ ನಂಬಿ ಬದುಕುವ ಕುಟುಂಬವು ಅವುಗಳನ್ನು ಬಿಟ್ಟು ಹೊರಡುವುದಿಲ್ಲ. ಒಂದು ವೇಳೆ ಹೊರಟರೂ ಅರ್ಧ ದಾರಿಯಲ್ಲಿ ಹಿಂದಿರುಗುತ್ತದೆ. ಆದುದರಿಂದ ಚಂಡಮಾರುತದ ಸಿದ್ಧತೆಯೆಂದರೆ ಮೊದಲು ಮನುಷ್ಯರು, ಸಮಯ ಉಳಿದರೆ ಪ್ರಾಣಿಗಳು ಎಂದು ಎರಡು ಭಾಗ ಮಾಡುವುದು ಕಾಗದದ ಮೇಲೆ ಸರಿಯೆನಿಸಿದರೂ ವಾಸ್ತವದಲ್ಲಿ ವಿಫಲವಾಗುತ್ತದೆ. ಪ್ರಾಣಿಗಳಿಗೆ ಮುಂಚಿತವಾಗಿ ವ್ಯವಸ್ಥೆ ಮಾಡಿದ ಕುಟುಂಬ ಮಾತ್ರವೇ ಸಕಾಲದಲ್ಲಿ ಮನೆ ಬಿಡಬಲ್ಲದು. ಈ ಲೇಖನವು ಆ ವ್ಯವಸ್ಥೆಯ ಅಗತ್ಯವನ್ನೂ ವಿಧಾನವನ್ನೂ ತಮ್ಮ ಮುಂದಿಡುತ್ತದೆ.

ಚಂಡಮಾರುತವು ನಮ್ಮ ಸಮಸ್ಯೆಯೇ?

'ಚಂಡಮಾರುತ ಬರುವುದು ಒಡಿಶಾ, ಆಂಧ್ರ, ತಮಿಳುನಾಡಿಗೆ, ನಮಗೇನು?' ಎಂಬ ಪ್ರಶ್ನೆಯನ್ನು ನಮ್ಮ ರಾಜ್ಯದ ರೈತರು ಆಗಾಗ ಕೇಳುತ್ತಾರೆ. ಈ ಪ್ರಶ್ನೆಗೆ ಎರಡು ಉತ್ತರಗಳಿವೆ.

ಮೊದಲನೆಯದು ಅರಬ್ಬಿ ಸಮುದ್ರಕ್ಕೆ ಸಂಬಂಧಿಸಿದ್ದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1982-2000ರ ಅವಧಿಗೆ ಹೋಲಿಸಿದರೆ 2001-2019ರ ಅವಧಿಯಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇ. 52ರಷ್ಟು ಹೆಚ್ಚಿದೆ. ಅದೇ ಅವಧಿಯಲ್ಲಿ ಬಂಗಾಳ ಕೊಲ್ಲಿಯಲ್ಲಿ ಶೇ. 8ರಷ್ಟು ಇಳಿಕೆಯಾಗಿದೆ. ಸಮುದ್ರದ ಮೇಲ್ಮೈ ನೀರು ಬಿಸಿಯಾಗುತ್ತಿರುವುದು ಇದರ ಹಿಂದಿರುವ ಪ್ರಮುಖ ಕಾರಣ. 2019ರ ಒಂದೇ ವರ್ಷದಲ್ಲಿ ಅರಬ್ಬಿ ಸಮುದ್ರದಲ್ಲಿ ವಾಯು, ಹಿಕ್ಕಾ, ಕ್ಯಾರ್, ಮಹಾ, ಪವನ್ ಎಂಬ ಐದು ಚಂಡಮಾರುತಗಳು ಎದ್ದವು.

ಇವುಗಳಲ್ಲಿ ಬಹುತೇಕ ಚಂಡಮಾರುತಗಳು ಕರ್ನಾಟಕದ ತೀರವನ್ನು ನೇರವಾಗಿ ದಾಟುವುದಿಲ್ಲ ಎಂಬುದು ನಿಜ. ಅವು ತೀರಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಅಥವಾ ತೀರದಿಂದ ದೂರವಾಗಿ ಪಶ್ಚಿಮಕ್ಕೆ ಸಾಗುತ್ತವೆ. ಆದರೆ 2021ರ ಮೇ ತಿಂಗಳ 'ತೌಕ್ತೆ' ಏನು ಮಾಡಿತೆಂಬುದನ್ನು ಕರಾವಳಿಯವರು ಮರೆತಿರಲಾರರು. ಮೇ 15 ಮತ್ತು 16ರಂದು ಅದು ನಮ್ಮ ಕರಾವಳಿಯಾಚೆ ಸಮುದ್ರದಲ್ಲಿಯೇ ಹಾದುಹೋಗಿ, ಮೇ 17ರ ರಾತ್ರಿ ಗುಜರಾತಿನ ತೀರವನ್ನು ಮುಟ್ಟಿತು. ಹೀಗಿದ್ದರೂ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಕಡಲ್ಕೊರೆತ, ಮನೆಗಳ ಹಾನಿ, ಮರ ಮತ್ತು ವಿದ್ಯುತ್ ಕಂಬಗಳ ಕುಸಿತ, ಜೀವಹಾನಿ ಸಂಭವಿಸಿದವು. ಮಲೆನಾಡಿನ ಜಿಲ್ಲೆಗಳಿಗೂ ಅದರ ಬಿಸಿ ತಟ್ಟಿತು. ಚಂಡಮಾರುತದ ಕೇಂದ್ರವು ಎಲ್ಲಿ ಸಾಗುತ್ತದೆ ಎಂಬುದಷ್ಟೇ ಅಲ್ಲ, ಅದರ ಮಳೆ ಮತ್ತು ಗಾಳಿಯ ವ್ಯಾಪ್ತಿ ಎಷ್ಟು ಎಂಬುದು ನಮಗೆ ಮುಖ್ಯ.

ಎರಡನೆಯ ಉತ್ತರವು ಒಳನಾಡಿಗೆ ಸಂಬಂಧಿಸಿದ್ದು. 2024ರ ನವೆಂಬರ್ 30ರಂದು ಪುದುಚೇರಿಯ ಸಮೀಪ ತೀರ ದಾಟಿದ 'ಫೆಂಗಲ್' ದುರ್ಬಲಗೊಂಡು ಪಶ್ಚಿಮಕ್ಕೆ ಸರಿದಾಗ ದಕ್ಷಿಣ ಒಳನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆ ಸುರಿಯಿತು. ಅದು ರಾಗಿ ಮತ್ತು ಭತ್ತದ ಕೊಯ್ಲಿನ ಕಾಲ, ಕೊಡಗಿನ ಕಣಗಳಲ್ಲಿ ಕಾಫಿ ಒಣಗುವ ಕಾಲ. ವರ್ಷವಿಡೀ ಬೆಳೆದ ಧಾನ್ಯ ಮತ್ತು ಮುಂದಿನ ಬೇಸಿಗೆಗೆ ಬೇಕಾದ ಮೇವು, ಎರಡೂ ಒಂದೇ ವಾರದಲ್ಲಿ ಹಾಳಾಗುವ ಕಾಲವೂ ಅದೇ. ಏಪ್ರಿಲ್‌ನಿಂದ ಜೂನ್ ಹಾಗೂ ಅಕ್ಟೋಬರ್‌ನಿಂದ ಡಿಸೆಂಬರ್ ನಮ್ಮ ಎರಡು ಚಂಡಮಾರುತ ಋತುಗಳು. ಮೊದಲನೆಯದರಲ್ಲಿ ಕರಾವಳಿ ಮತ್ತು ಮಲೆನಾಡು, ಎರಡನೆಯದರಲ್ಲಿ ದಕ್ಷಿಣ ಒಳನಾಡು ಹೆಚ್ಚು ಜಾಗರೂಕವಾಗಿರಬೇಕು.

ಹೆಸರು ಪಡೆದ ಚಂಡಮಾರುತಕ್ಕಾಗಿಯೇ ಕಾಯುವುದೂ ಸರಿಯಲ್ಲ. 2025ರ ಮೇ 24ರಂದು ನೈಋತ್ಯ ಮುಂಗಾರು ವಾಡಿಕೆಗಿಂತ ಎಂಟು ದಿನ ಮೊದಲೇ ಕೇರಳವನ್ನು ಪ್ರವೇಶಿಸಿತು. ಅದೇ ದಿನ ಅರಬ್ಬಿ ಸಮುದ್ರದ ವಾಯುಭಾರ ಕುಸಿತವೊಂದು ಚಂಡಮಾರುತವಾಗದೆಯೇ ರತ್ನಾಗಿರಿ ಮತ್ತು ದಾಪೋಲಿ ನಡುವೆ ತೀರ ದಾಟಿತು. ಹೆಸರಿಲ್ಲದ ಆ ಕುಸಿತದ ದಿನಗಳಲ್ಲಿಯೂ ನಮ್ಮ ಕರಾವಳಿಯಲ್ಲಿ ಭಾರಿ ಮಳೆಯಾಯಿತು. ಮೇ ಅಂತ್ಯದವರೆಗೆ ಸಮಯವಿದೆ ಎಂಬ ಹಳೆಯ ಲೆಕ್ಕವನ್ನು ಬದಲಿಸಿಕೊಳ್ಳಬೇಕಾಗಿದೆ.

ಮುನ್ಸೂಚನೆ ಸುಧಾರಿಸಿದೆ, ಕುಟುಂಬದ ನಿರ್ಧಾರ ಸುಧಾರಿಸಿಲ್ಲ

1999ರ ಅಕ್ಟೋಬರ್‌ನಲ್ಲಿ ಒಡಿಶಾದ ಮಹಾ ಚಂಡಮಾರುತವು ಸುಮಾರು 10,000 ಜನರನ್ನೂ ಲಕ್ಷಾಂತರ ಜಾನುವಾರುಗಳನ್ನೂ ಬಲಿ ತೆಗೆದುಕೊಂಡಿತು. 2019ರ ಮೇ 3ರಂದು ಪುರಿಯ ಬಳಿ ಅಪ್ಪಳಿಸಿದ 'ಫನಿ' ಸಹ ಅತ್ಯಂತ ಪ್ರಬಲವಾಗಿತ್ತು. ಆದರೆ ಸುಮಾರು 12 ಲಕ್ಷ ಜನರನ್ನು ಮುಂಚಿತವಾಗಿ ಸ್ಥಳಾಂತರಿಸಿದ್ದರಿಂದ ಆ ರಾಜ್ಯದಲ್ಲಿ ಸಾವಿನ ಸಂಖ್ಯೆ 64ಕ್ಕೆ ಸೀಮಿತವಾಯಿತು. ಇಪ್ಪತ್ತು ವರ್ಷಗಳಲ್ಲಿ ಆದ ಈ ಬದಲಾವಣೆಯು ದೇಶವೇ ಹೆಮ್ಮೆಪಡಬೇಕಾದ ಸಾಧನೆ.

ಈ ಸಾಧನೆಯ ಜೊತೆಗೆ ಒಂದು ಕೊರತೆಯೂ ಉಳಿದಿದೆ. ಸ್ಥಳಾಂತರದ ಬಸ್ಸಿನಲ್ಲಿ ಹಸುವಿಗೆ ಜಾಗವಿರುವುದಿಲ್ಲ. ಶಾಲಾ ಕಟ್ಟಡದ ಕಾಳಜಿ ಕೇಂದ್ರದಲ್ಲಿ ನಾಯಿಗೆ ಸಾಮಾನ್ಯವಾಗಿ ಪ್ರವೇಶವಿರುವುದಿಲ್ಲ. ಹೀಗಾಗಿ ಮನೆಯವರೆಲ್ಲ ಹೊರಟರೂ ಒಬ್ಬರು 'ದನಗಳನ್ನು ನೋಡಿಕೊಳ್ಳಲು' ಹಿಂದೆ ಉಳಿಯುತ್ತಾರೆ. ಹಾಗೆ ಉಳಿಯುವವರು ಹೆಚ್ಚಾಗಿ ಮನೆಯ ಹಿರಿಯರು.

ಇದು ಬಡ ದೇಶಗಳ ಸಮಸ್ಯೆ ಮಾತ್ರವೂ ಅಲ್ಲ. 2005ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು 'ಕತ್ರಿನಾ' ಚಂಡಮಾರುತವು ಮುಳುಗಿಸಿದಾಗ, ಸಾಕುಪ್ರಾಣಿಗಳನ್ನು ಜೊತೆಗೆ ಕರೆದೊಯ್ಯಲಾಗದೆ ಅನೇಕರು ಮನೆ ಬಿಡಲು ನಿರಾಕರಿಸಿದರು. ಅದರ ಪಾಠವಾಗಿ 2006ರಲ್ಲಿ ಆ ದೇಶವು ಒಂದು ಕಾನೂನನ್ನು ತಂದು, ಸ್ಥಳಾಂತರದ ಯೋಜನೆಗಳಲ್ಲಿ ಸಾಕುಪ್ರಾಣಿಗಳುಳ್ಳ ಕುಟುಂಬಗಳ ಅಗತ್ಯವನ್ನೂ ಸೇರಿಸುವುದನ್ನು ವಿಧಿಸಿತು. ಇದಕ್ಕೆ ಪ್ರಾಣಿದಯೆ ಒಂದು ಕಾರಣವಾದರೆ, ಮನುಷ್ಯರ ಜೀವ ಉಳಿಸುವ ಲೆಕ್ಕಾಚಾರ ಇನ್ನೊಂದು ಕಾರಣ.

ಪರಿಹಾರದ ಲೆಕ್ಕ ಏನು ಹೇಳುತ್ತದೆ?

ಹಾನಿಯಾದರೆ ಸರ್ಕಾರದ ಪರಿಹಾರವಿದೆಯಲ್ಲ ಎಂಬ ಭರವಸೆಯನ್ನೂ ತೂಗಿ ನೋಡೋಣ. ರಾಜ್ಯ ವಿಪತ್ತು ಪರಿಹಾರ ನಿಧಿಯ 2022-23ರಿಂದ 2025-26ರ ಅವಧಿಯ ಮಾರ್ಗಸೂಚಿಯಂತೆ, ಮೃತಪಟ್ಟ ಹಾಲು ಕೊಡುವ ಹಸು ಅಥವಾ ಎಮ್ಮೆಗೆ ರೂ. 37,500, ಎತ್ತಿಗೆ ರೂ. 32,000, ಕರುವಿಗೆ ರೂ. 20,000, ಕುರಿ-ಮೇಕೆಗೆ ರೂ. 4,000 ಮತ್ತು ಕೋಳಿಗೆ ರೂ. 100 ನಿಗದಿಯಾಗಿತ್ತು. ಹಾಲು ಕೊಡುವ ದೊಡ್ಡ ಜಾನುವಾರುಗಳಲ್ಲಿ ಕುಟುಂಬವೊಂದಕ್ಕೆ ಮೂರಕ್ಕೆ ಮಾತ್ರ, ಕುರಿ-ಮೇಕೆಗಳಲ್ಲಿ ಮೂವತ್ತಕ್ಕೆ ಮಾತ್ರ ಪರಿಹಾರದ ಮಿತಿಯಿತ್ತು. ಈ ದರಗಳು ಅವಧಿಯಿಂದ ಅವಧಿಗೆ ಪರಿಷ್ಕರಣೆಗೊಳ್ಳುವುದರಿಂದ ಜಾರಿಯಲ್ಲಿರುವ ದರವನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಉತ್ತಮ ಮಿಶ್ರತಳಿ ಹಸುವಿನ ಮಾರುಕಟ್ಟೆ ಬೆಲೆ ಈ ಮೊತ್ತಕ್ಕಿಂತ ಬಹಳ ಹೆಚ್ಚು ಎಂಬುದು ತಮಗೆಲ್ಲ ತಿಳಿದಿದೆ. ಹಸು ಸತ್ತ ದಿನದಿಂದ ಹೊಸ ಹಸು ಹಾಲು ಕೊಡುವ ದಿನದವರೆಗಿನ ಆದಾಯ ನಷ್ಟವು ಈ ಲೆಕ್ಕದಲ್ಲಿ ಸೇರುವುದೇ ಇಲ್ಲ. ನಾಯಿ, ಬೆಕ್ಕುಗಳಂತೂ ಪಟ್ಟಿಯಲ್ಲಿಯೇ ಇಲ್ಲ. ಪರಿಹಾರವು ಕಷ್ಟಕಾಲದ ಆಸರೆಯೇ ಹೊರತು ನಷ್ಟದ ಭರ್ತಿಯಲ್ಲ. ಎತ್ತರದ ಜಾಗ, ಒಂದು ಟಾರ್ಪಾಲು, ನಾಲ್ಕು ದಿನದ ಮೇವು ಇವುಗಳಿಗೆ ಆಗುವ ಖರ್ಚು ಒಂದು ಹಸುವಿನ ಬೆಲೆಯ ಮುಂದೆ ಅತ್ಯಲ್ಪ.

ಋತುವಿಗೆ ಮುನ್ನ ಮಾಡತಕ್ಕ ಕೆಲಸಗಳು

ಭಾರತೀಯ ಹವಾಮಾನ ಇಲಾಖೆಯು ಚಂಡಮಾರುತದ ಎಚ್ಚರಿಕೆಯನ್ನು ನಾಲ್ಕು ಹಂತಗಳಲ್ಲಿ ನೀಡುತ್ತದೆ. 72 ಗಂಟೆ ಮೊದಲು ಪೂರ್ವ ನಿಗಾ ಸೂಚನೆ, 48 ಗಂಟೆ ಮೊದಲು ಹಳದಿ ಬಣ್ಣದ ಜಾಗರೂಕತಾ ಸೂಚನೆ, 24 ಗಂಟೆ ಮೊದಲು ಕಿತ್ತಳೆ ಬಣ್ಣದ ಎಚ್ಚರಿಕೆ, 12 ಗಂಟೆ ಮೊದಲು ಕೆಂಪು ಬಣ್ಣದ ತೀರ ದಾಟಿದ ನಂತರದ ಮುನ್ನೋಟ. ಆದರೆ ಎಲ್ಲ ಚಂಡಮಾರುತಗಳೂ ಮೂರು ದಿನಗಳ ಅವಕಾಶ ನೀಡುವುದಿಲ್ಲ. 2017ರ 'ಒಖಿ' ನವೆಂಬರ್ 29ರಂದು ವಾಯುಭಾರ ಕುಸಿತವಾಗಿದ್ದು, ಮರುದಿನ ಬೆಳಿಗ್ಗೆಯೇ ಕನ್ಯಾಕುಮಾರಿಯ ಸಮೀಪ ಚಂಡಮಾರುತವಾಯಿತು. ಆದುದರಿಂದ ಸಮಯ ಹಿಡಿಯುವ ಕೆಲಸಗಳನ್ನು ಋತುವಿಗೆ ಮುನ್ನವೇ ಮುಗಿಸಬೇಕು.

1. ಎತ್ತರದ ಜಾಗವನ್ನು ಗೊತ್ತುಮಾಡಿಕೊಳ್ಳಿ. ಹಿಂದೆ ನೆರೆ ಬಂದಾಗ ನೀರು ಎಲ್ಲಿಯವರೆಗೆ ಏರಿತ್ತು ಎಂಬುದನ್ನು ಊರಿನ ಹಿರಿಯರಿಂದ ಕೇಳಿ ತಿಳಿಯಿರಿ. ಆ ಮಟ್ಟಕ್ಕಿಂತ ಮೇಲಿರುವ, ದೊಡ್ಡ ಮರ ಮತ್ತು ವಿದ್ಯುತ್ ತಂತಿಗಳಿಂದ ದೂರವಿರುವ, ಜಾನುವಾರುಗಳು ನಡೆದು ಹೋಗಬಹುದಾದ ಜಾಗವಿರಲಿ. ಅದು ಬೇರೆಯವರದ್ದಾದರೆ ಈಗಲೇ ಮಾತನಾಡಿ ಒಪ್ಪಿಗೆ ಪಡೆಯಿರಿ. ಒಮ್ಮೆ ಹಗಲಿನಲ್ಲಿ ದನಗಳನ್ನು ಅಲ್ಲಿಗೆ ನಡೆಸಿಕೊಂಡು ಹೋಗಿ. ಕಂಡ ದಾರಿಯಲ್ಲಿ ದನ ಕತ್ತಲಲ್ಲಿಯೂ ನಡೆಯುತ್ತದೆ. ಕಾಣದ ದಾರಿಯಲ್ಲಿ ಹಗಲಿನಲ್ಲಿಯೂ ಹಟ ಹಿಡಿಯುತ್ತದೆ.

2. ಕೊಟ್ಟಿಗೆಯನ್ನು ಪರೀಕ್ಷಿಸಿ. ಸಡಿಲವಾದ ತಗಡು ಮತ್ತು ಸಿಮೆಂಟ್ ಶೀಟುಗಳ ಬೋಲ್ಟುಗಳನ್ನು ಬಿಗಿಗೊಳಿಸಿ. ಜಾರಿದ ಹೆಂಚುಗಳನ್ನು ಸರಿಪಡಿಸಿ. ಮಾಡಿನ ಮೇಲೆ ಬಾಗಿರುವ ತೆಂಗು ಮತ್ತು ಇತರ ಮರಗಳ ಒಣಗಿದ ಗರಿ, ಕೊಂಬೆಗಳನ್ನು ಕಡಿಸಿ. ಗಾಳಿಗೆ ಹಾರುವ ತಗಡು ಜಾನುವಾರುಗಳನ್ನು ತೀವ್ರವಾಗಿ ಗಾಯಗೊಳಿಸಬಲ್ಲದು.

3. ಲಸಿಕೆ ಹಾಕಿಸಿ. ಗಳಲೆ ರೋಗ ಮತ್ತು ಚಪ್ಪೆ ರೋಗದ ಲಸಿಕೆಗಳನ್ನು ಮಳೆಗಾಲಕ್ಕೆ ಮುನ್ನ ಹಾಕಿಸುವುದು ಕಡ್ಡಾಯವೆಂದೇ ಭಾವಿಸಿ. ಕಾಲುಬಾಯಿ ಜ್ವರ, ಕುರಿ-ಮೇಕೆಗಳ ಪಿಪಿಆರ್ ಮತ್ತು ಕರುಳುಬೇನೆ ಲಸಿಕೆಗಳು ಬಾಕಿಯಿದ್ದರೆ ಪಶುವೈದ್ಯರನ್ನು ಸಂಪರ್ಕಿಸಿ. ನಾಯಿ, ಬೆಕ್ಕುಗಳಿಗೆ ರೇಬಿಸ್ ಲಸಿಕೆ ಹಾಕಿಸಿ ಅದರ ಚೀಟಿಯನ್ನು ಜೋಪಾನವಾಗಿಡಿ.

4. ಗುರುತು ಮತ್ತು ದಾಖಲೆ ಇರಲಿ. ಪ್ರತಿ ಜಾನುವಾರಿನ ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಪ್ರತಿಯೊಂದರ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಬೇರೆ ಊರಿನಲ್ಲಿರುವ ಬಂಧುಗಳಿಗೂ ಕಳುಹಿಸಿ. ಕಳೆದುಹೋದ ಹಸುವನ್ನು ಗುರುತಿಸಲು, ವಿಮೆ ಅಥವಾ ಪರಿಹಾರ ಕೇಳಲು ಇದೇ ಆಧಾರ.

5. ಮೇವು ಮತ್ತು ನೀರಿನ ದಾಸ್ತಾನು ಮಾಡಿ. ಸುಮಾರು 400 ಕಿ.ಗ್ರಾಂ. ತೂಗುವ ಮಿಶ್ರತಳಿ ಹಸುವಿಗೆ ದಿನಕ್ಕೆ 8 ಕಿ.ಗ್ರಾಂ. ಒಣಹುಲ್ಲು ಮತ್ತು 2-3 ಕಿ.ಗ್ರಾಂ. ಪಶು ಆಹಾರದಂತೆ ಐದು ದಿನದ ಲೆಕ್ಕ ಹಾಕಿದರೆ 40 ಕಿ.ಗ್ರಾಂ. ಹುಲ್ಲು ಹಾಗೂ 10-15 ಕಿ.ಗ್ರಾಂ. ಆಹಾರ ಬೇಕು. ಕುಡಿಯಲು ದಿನಕ್ಕೆ 40ರಿಂದ 60 ಲೀಟರ್ ನೀರು ಬೇಕು. ವಿದ್ಯುತ್ ಹೋದರೆ ಪಂಪು ನಡೆಯದು. ಆದುದರಿಂದ ಡ್ರಮ್ಮು ಮತ್ತು ತೊಟ್ಟಿಗಳನ್ನು ಸಿದ್ಧವಾಗಿಡಿ. ಹುಲ್ಲಿನ ಬಣವೆಯನ್ನು ಕಲ್ಲು ಅಥವಾ ಮರದ ಅಟ್ಟಣಿಗೆಯ ಮೇಲೆ ಒಟ್ಟಿ, ಟಾರ್ಪಾಲು ಹೊದಿಸಿ, ಹಗ್ಗದಿಂದ ಬಿಗಿಯಿರಿ.

6. ಗೊಬ್ಬರ ಮತ್ತು ಕೀಟನಾಶಕಗಳನ್ನು ಎತ್ತರದಲ್ಲಿಡಿ. ಯೂರಿಯಾ ಕರಗಿದ ನೀರು ಕುಡಿದ ಜಾನುವಾರು ಕೆಲವೇ ಗಂಟೆಗಳಲ್ಲಿ ಸಾಯಬಹುದು. ಕೊಟ್ಟಿಗೆಯ ಮೂಲೆಯಲ್ಲಿ ಗೊಬ್ಬರದ ಚೀಲವಿಡುವ ರೂಢಿಯನ್ನು ಬಿಡಿ.

ಮನೆಮಂದಿಯ ಸಿದ್ಧತೆ

ಮನೆಯ ಎಲ್ಲರೂ ಒಟ್ಟಿಗೆ ಕುಳಿತು ಅರ್ಧ ಗಂಟೆ ಮಾತನಾಡುವುದು ಯಾವ ಸಲಕರಣೆಗಿಂತಲೂ ಮಿಗಿಲು. ಈ ಮಾತುಕತೆಯಲ್ಲಿ ಹೆಣ್ಣುಮಕ್ಕಳು ಇರಲೇಬೇಕು. ಯಾವ ಹಸು ಗಬ್ಬದಲ್ಲಿದೆ, ಯಾವುದು ಅಪರಿಚಿತರಿಗೆ ಹಾಯುತ್ತದೆ, ಯಾವ ಕರು ತಾಯಿಯನ್ನು ಬಿಟ್ಟು ನಡೆಯದು ಎಂಬುದು ಹೆಚ್ಚಿನ ಮನೆಗಳಲ್ಲಿ ಅವರಿಗೇ ಚೆನ್ನಾಗಿ ಗೊತ್ತು. ಯಾರು ಅಜ್ಜ-ಅಜ್ಜಿಯರನ್ನು ಕರೆದೊಯ್ಯಬೇಕು, ಯಾರು ಮಕ್ಕಳನ್ನು, ಯಾರು ದನಗಳನ್ನು, ಯಾರು ನಾಯಿಯನ್ನು ಎಂಬುದನ್ನು ಹೆಸರು ಹೇಳಿ ತೀರ್ಮಾನಿಸಿ. ಒಬ್ಬರು ಊರಿನಲ್ಲಿ ಇಲ್ಲದಿದ್ದರೆ ಆ ಕೆಲಸ ಯಾರದು ಎಂಬುದನ್ನೂ ನಿರ್ಧರಿಸಿ.

ಒಂದು ಚೀಲದಲ್ಲಿ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಹಣಿ ಪ್ರತಿ, ಬೆಳೆ ಮತ್ತು ಜಾನುವಾರು ವಿಮೆಯ ಕಾಗದಗಳನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತಿಡಿ. ಅದರೊಂದಿಗೆ ಸ್ವಲ್ಪ ನಗದು, ಟಾರ್ಚು, ಬ್ಯಾಟರಿ, ಸೀಟಿ, ಸಣ್ಣ ರೇಡಿಯೊ, ಬೆಂಕಿಪೆಟ್ಟಿಗೆ, ಒಣ ತಿಂಡಿ ಮತ್ತು ಕುಡಿಯುವ ನೀರು ಇರಲಿ. ರಕ್ತದೊತ್ತಡ, ಮಧುಮೇಹದ ಔಷಧಿಗಳು ಕನಿಷ್ಠ ಒಂದು ವಾರಕ್ಕೆ ಸಾಲುವಷ್ಟಿರಲಿ. ದಿನ ತುಂಬಿದ ಗರ್ಭಿಣಿಯರನ್ನು ಎಚ್ಚರಿಕೆ ಬಂದ ಕೂಡಲೇ ಆಸ್ಪತ್ರೆಗೆ ಸಮೀಪವಿರುವ ಬಂಧುಗಳ ಮನೆಗೆ ಕಳುಹಿಸುವುದು ಒಳಿತು.

ಈ ದೂರವಾಣಿ ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆದಿಡಿ: ತುರ್ತು ಸೇವೆ 112, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ 1077, ವಿದ್ಯುತ್ ದೂರು 1912, ಸಂಚಾರಿ ಪಶುಚಿಕಿತ್ಸಾ ಸೇವೆ 1962.

ನಾಯಿ, ಬೆಕ್ಕು, ಕೋಳಿಗಳ ವ್ಯವಸ್ಥೆ

ಸಾಕುಪ್ರಾಣಿಗಳನ್ನು ಕಾಳಜಿ ಕೇಂದ್ರಕ್ಕೆ ಕರೆತರಬಹುದೇ ಎಂಬುದನ್ನು ಗ್ರಾಮ ಪಂಚಾಯಿತಿಯಲ್ಲಿ ಈಗಲೇ ಕೇಳಿ. ಅವಕಾಶವಿಲ್ಲದಿದ್ದರೆ ಸುರಕ್ಷಿತ ಊರಿನ ಬಂಧುಗಳ ಮನೆಯೇ ಉತ್ತಮ. ನಾಯಿಯ ಕೊರಳಪಟ್ಟಿಯ ಮೇಲೆ ತಮ್ಮ ಮೊಬೈಲ್ ಸಂಖ್ಯೆಯನ್ನು ಅಳಿಸದ ಶಾಯಿಯಲ್ಲಿ ಬರೆಯಿರಿ. ಸಾಧುವಾದ ನಾಯಿಯೂ ಭಯದಲ್ಲಿ ಕಚ್ಚಬಹುದು. ಹಗ್ಗ ಮತ್ತು ಬಾಯಿಬುಟ್ಟಿ ಸಿದ್ಧವಿರಲಿ. ಬೆಕ್ಕನ್ನು ಗಾಳಿಯಾಡುವ, ಮುಚ್ಚಳವಿರುವ ಬುಟ್ಟಿ ಅಥವಾ ಪಂಜರದಲ್ಲಿ ಒಯ್ಯಬೇಕು. ಗಾಳಿ ಜೋರಾದ ಮೇಲೆ ಬೆಕ್ಕು ಅಡಗಿಕೊಳ್ಳುತ್ತದೆ, ಕೈಗೆ ಸಿಗುವುದಿಲ್ಲ. ಆದ್ದರಿಂದ ಅದನ್ನು ಮೊದಲೇ ಒಳಗೆ ಕೂಡಿರಿ. ಹತ್ತು ಕಿಲೋ ತೂಗುವ ನಾಯಿಗೆ ದಿನಕ್ಕೆ ಅರ್ಧ ಲೀಟರಿಗೂ ತುಸು ಹೆಚ್ಚು ನೀರು ಬೇಕು.

ಕೋಳಿಗಳನ್ನು ಎತ್ತರದ ಅಟ್ಟಣಿಗೆಯ ಮೇಲಿನ ಗೂಡಿಗೆ ವರ್ಗಾಯಿಸಿ, ಗಾಳಿಯ ದಿಕ್ಕಿಗೆ ಗೋಣಿತಾಟು ಕಟ್ಟಿ, ಎದುರು ಬದಿಯನ್ನು ಗಾಳಿಯಾಡಲು ತೆರೆದಿಡಿ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಯಾವ ಪ್ರಾಣಿಯನ್ನೂ ಕಟ್ಟಿಹಾಕಿ ಮನೆ ಬಿಡಬೇಡಿ. ನೀರು ಏರಿದಾಗ ಈಜಿ ಬದುಕಬಲ್ಲ ದನವೂ ಕೊರಳ ಕಣ್ಣಿಯಿಂದಾಗಿ ನಿಂತಲ್ಲಿಯೇ ಮುಳುಗುತ್ತದೆ.

ಎಚ್ಚರಿಕೆ ಬಂದ ನಂತರದ ಗಂಟೆಗಳು

72ರಿಂದ 48 ಗಂಟೆ ಮೊದಲು: ಹುಲ್ಲು, ನೀರು, ಔಷಧಿಗಳನ್ನು ಒಮ್ಮೆ ಎಣಿಸಿ ನೋಡಿ. ಬಲಿತ ಎಳನೀರು, ಮಾಗಿದ ಬಾಳೆಗೊನೆ, ಕಟಾವಿಗೆ ಬಂದ ತರಕಾರಿಗಳನ್ನು ಕೊಯ್ದು ಮಾರಾಟ ಮಾಡಿ. ಬಾಳೆಗೆ ಊರುಗೋಲು ಕೊಡಿ. ಅಂಗಳದಲ್ಲಿ ಒಣಗುತ್ತಿರುವ ಅಡಿಕೆ, ಕಾಫಿ, ಕಾಳುಮೆಣಸನ್ನು ಒಳಗೆ ಸೇರಿಸಿ. ಅಡಿಕೆ ತೋಟದ ಬಸಿಗಾಲುವೆಗಳ ಹೂಳು ತೆಗೆಯಿರಿ. ಗೊಬ್ಬರ ಹಾಕುವುದನ್ನೂ ಔಷಧಿ ಸಿಂಪರಣೆಯನ್ನೂ ಮುಂದೂಡಿ. ಒಳನಾಡಿನಲ್ಲಿ ಬಲಿತ ರಾಗಿಯನ್ನು ಕೊಯ್ದು ಹೊಲದಲ್ಲಿ ಬಿಡುವ ಬದಲು, ಮಳೆ ಮುಗಿಯುವವರೆಗೆ ಕೊಯ್ಲನ್ನೇ ತಡೆಹಿಡಿಯಿರಿ. ಈಗಾಗಲೇ ಕೊಯ್ದಿದ್ದರೆ ಎತ್ತರದ ಜಾಗದಲ್ಲಿ ಮೆದೆ ಹಾಕಿ ಹೊದಿಸಿ.

24 ಗಂಟೆ ಮೊದಲು: ತಗ್ಗು ಪ್ರದೇಶದ, ನದಿ ಮತ್ತು ಕಡಲಂಚಿನ ಮನೆಗಳವರು ಜಾನುವಾರುಗಳನ್ನು ಹಗಲಿನಲ್ಲಿಯೇ ಎತ್ತರಕ್ಕೆ ಸಾಗಿಸಬೇಕು. ಗಬ್ಬದ ಹಸುಗಳು, ಕರುಗಳು, ಕುರಿ-ಮೇಕೆಗಳು ಮೊದಲು. ಎತ್ತರದಲ್ಲಿರುವ ಗಟ್ಟಿಯಾದ ಕೊಟ್ಟಿಗೆಯಾದರೆ ಪ್ರಾಣಿಗಳು ಒಳಗೇ ಇರಲಿ, ಆದರೆ ಕಣ್ಣಿ ಬಿಚ್ಚಿರಲಿ. ಹಾಲು ಕರೆಯುವುದನ್ನು ತಪ್ಪಿಸಬೇಡಿ. ತಪ್ಪಿದರೆ ಕೆಚ್ಚಲು ಬಾವು ಬರಬಹುದು. ಡೇರಿಗೆ ಹಾಲು ಒಯ್ಯಲಾಗದಿದ್ದರೆ ಹೆಪ್ಪು ಹಾಕಿ ಬೆಣ್ಣೆ, ತುಪ್ಪ ಮಾಡಿಕೊಳ್ಳಿ.

12 ಗಂಟೆ ಮತ್ತು ನಂತರ: ಅಧಿಕಾರಿಗಳು ಹೊರಡಲು ಹೇಳಿದರೆ ಹೊರಡಿ. ಮುಖ್ಯ ವಿದ್ಯುತ್ ಸ್ವಿಚ್ಚು ಮತ್ತು ಅನಿಲ ಸಿಲಿಂಡರನ್ನು ಬಂದ್ ಮಾಡಿ. ಜಾನುವಾರುಗಳನ್ನು ಸಾಗಿಸಲು ಆಗದೇ ಇದ್ದಲ್ಲಿ ಕಣ್ಣಿ ಬಿಚ್ಚಿ, ಕೊಟ್ಟಿಗೆಯ ಮತ್ತು ಬೇಲಿಯ ಬಾಗಿಲು ತೆರೆದಿಟ್ಟು ಹೊರಡಿ. ಗಾಳಿ ಎದ್ದ ಮೇಲೆ, ನೀರು ಏರಿದ ಮೇಲೆ ಪ್ರಾಣಿಗಾಗಿ ಹಿಂದಿರುಗಬೇಡಿ. ಈ ಕಠಿಣ ಮಾತನ್ನು ಪಾಲಿಸುವ ಶಕ್ತಿ ಬರುವುದು ಮೊದಲಿನ ಕೆಲಸಗಳನ್ನು ಮಾಡಿ ಮುಗಿಸಿದವರಿಗೆ ಮಾತ್ರ.

ಗಾಳಿ ಒಮ್ಮೆಲೇ ಶಾಂತವಾದರೆ ಅಪಾಯ ಮುಗಿಯಿತೆಂದು ಭಾವಿಸಬೇಡಿ. ಚಂಡಮಾರುತದ ಕೇಂದ್ರವು ಹಾದುಹೋಗುವಾಗ ಹೀಗಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ವಿರುದ್ಧ ದಿಕ್ಕಿನಿಂದ ಅಷ್ಟೇ ಬಿರುಸಾದ ಗಾಳಿ ಬೀಸುತ್ತದೆ. ಅಧಿಕೃತ ಪ್ರಕಟಣೆ ಬರುವವರೆಗೆ ಒಳಗೇ ಇರಿ.

ಮರುದಿನದ ಅಪಾಯಗಳು

ಎಷ್ಟೋ ಹಾನಿ ಸಂಭವಿಸುವುದು ಗಾಳಿ ನಿಂತ ಮೇಲೆ. ಬೆಳಿಗ್ಗೆ ದನ ಬಿಡುವ ಮುನ್ನ, ಬೆಳಕು ಚೆನ್ನಾಗಿ ಹರಿದ ನಂತರ, ದಾರಿಯನ್ನು ಒಮ್ಮೆ ದೂರದಿಂದಲೇ ನೋಡಿ ಬನ್ನಿ. ತುಂಡಾಗಿ ಬಿದ್ದ ವಿದ್ಯುತ್ ತಂತಿಯಿಂದ ಕನಿಷ್ಠ 10 ಮೀಟರ್ ದೂರವಿರಿ. ತಂತಿ ತಗುಲಿರುವ ಬೇಲಿ ಮತ್ತು ನಿಂತ ನೀರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. 1912ಕ್ಕೆ ಕರೆ ಮಾಡಿ, ದುರಸ್ತಿಯಾಗುವವರೆಗೆ ದನಗಳನ್ನು ಕೂಡಿಯೇ ಇಡಿ. ಬಣವೆ ಮತ್ತು ಸೌದೆ ರಾಶಿಗೆ ಕೈ ಹಾಕುವ ಮುನ್ನ ಕೋಲಿನಿಂದ ಕೆದಕಿ ನೋಡಿ. ನೆರೆನೀರಿಗೆ ಹೆದರಿದ ಹಾವುಗಳು ಅಲ್ಲಿ ಸೇರಿರುತ್ತವೆ.

ನೆನೆದು ಬೂಷ್ಟು ಹಿಡಿದ ಹುಲ್ಲು ಮತ್ತು ಹಿಂಡಿಯನ್ನು ತಿನ್ನಿಸಬೇಡಿ. ಅದರಲ್ಲಿನ ಶಿಲೀಂಧ್ರ ವಿಷವು ಯಕೃತ್ತನ್ನು ಹಾಳುಮಾಡುತ್ತದೆ, ಹಾಲಿನಲ್ಲಿಯೂ ಬರುತ್ತದೆ. ನೆನೆದ ಧಾನ್ಯವನ್ನು 'ಹಾಳಾಗುವ ಬದಲು ದನ ತಿನ್ನಲಿ' ಎಂದು ರಾಶಿಯಾಗಿ ಹಾಕುವುದೂ ಅಪಾಯಕರ. ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಹಸು ಸಾಯಬಹುದು. ಮಳೆಯ ನಂತರ ಕೂಳೆಯಿಂದ ಚಿಗುರಿದ ಎಳೆಯ ಜೋಳವನ್ನು ಮೇಯಲು ಬಿಡಬೇಡಿ. ಅದರಲ್ಲಿ ಸಯನೈಡ್ ವಿಷವಿರುತ್ತದೆ.

ಬಾವಿಯ ನೀರನ್ನು ಶುದ್ಧೀಕರಿಸಿಯೇ ಬಳಸಿ. ಸಾಮಾನ್ಯವಾಗಿ 1,000 ಲೀಟರ್ ನೀರಿಗೆ 2.5 ಗ್ರಾಂ ಉತ್ತಮ ಗುಣಮಟ್ಟದ ಬ್ಲೀಚಿಂಗ್ ಪುಡಿ ಬೇಕು. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಸುಮಾರು 12,500 ಲೀಟರ್. ಅದಕ್ಕೆ 32 ಗ್ರಾಂನಷ್ಟು ಪುಡಿ ಸಾಕು. ಅದನ್ನು ಬಕೆಟ್ಟಿನ ನೀರಿನಲ್ಲಿ ಕಲಸಿ, ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನು ಬಾವಿಗೆ ಸುರಿದು, ಕನಿಷ್ಠ ಒಂದು ಗಂಟೆ ಬಿಟ್ಟು ಬಳಸಿ. ನೆರೆನೀರು ನುಗ್ಗಿದ ಬಾವಿಗೆ ಇದು ಸಾಲದು. ಆರೋಗ್ಯ ಸಿಬ್ಬಂದಿಯ ಸಲಹೆಯಂತೆ ಪ್ರಮಾಣವನ್ನು ಹೆಚ್ಚಿಸಬೇಕು. ಮನೆಮಂದಿ ಕುದಿಸಿ ಆರಿಸಿದ ನೀರನ್ನೇ ಕುಡಿಯಲಿ. ಕೆಸರು ಮತ್ತು ಗಂಜಲದ ನೀರಿನಲ್ಲಿ ಬರಿಗಾಲಿನಲ್ಲಿ ಕೆಲಸ ಮಾಡಿದ ನಂತರ ಜ್ವರ, ಮೀನಖಂಡದ ನೋವು ಕಾಣಿಸಿದರೆ ಅದು ಇಲಿ ಜ್ವರವಿರಬಹುದು. ತಡಮಾಡದೆ ವೈದ್ಯರನ್ನು ಕಾಣಿರಿ.

ಸತ್ತ ಜಾನುವಾರನ್ನು ಹೂಳುವ ಮುನ್ನ ಕಿವಿಯೋಲೆ ಕಾಣುವಂತೆ ಛಾಯಾಚಿತ್ರ ತೆಗೆದು, ಪಶುವೈದ್ಯರಿಗೂ ಗ್ರಾಮ ಆಡಳಿತ ಅಧಿಕಾರಿಗೂ ತಿಳಿಸಿ. ನೀರಿನ ಮೂಲಗಳಿಂದ ದೂರದಲ್ಲಿ ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಡಿ ವಿಮೆ ಮಾಡಿಸಿದವರಿಗೆ, ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಅಧಿಸೂಚಿತ ಬೆಳೆಯು ಚಂಡಮಾರುತದ ಮಳೆಗೆ ಹಾನಿಗೊಂಡರೆ, ಕೊಯ್ಲಿನಿಂದ 14 ದಿನಗಳವರೆಗೆ ರಕ್ಷಣೆಯಿದೆ. ಆದರೆ ಹಾನಿಯಾದ 72 ಗಂಟೆಗಳೊಳಗೆ 14447 ಸಂಖ್ಯೆಗೆ ಅಥವಾ ವಿಮಾ ಕಂಪನಿಗೆ ತಿಳಿಸಲೇಬೇಕು.

ಊರಿನ ಹೊಣೆ

ಇಲ್ಲಿಯವರೆಗೆ ಹೇಳಿದ್ದು ಒಂದೊಂದು ಮನೆಯ ಕೆಲಸ. ಆದರೆ ಐದು ಸೆಂಟ್ಸ್ ಜಾಗದಲ್ಲಿ ಎರಡು ಮೇಕೆ ಸಾಕಿದ ಕುಟುಂಬಕ್ಕೆ ಎತ್ತರದ ಜಾಗವನ್ನು ತಾನೇ ಹುಡುಕಿಕೊ ಎನ್ನುವುದು ನ್ಯಾಯವಲ್ಲ. ರಾಷ್ಟ್ರೀಯ ಚಂಡಮಾರುತ ಅಪಾಯ ತಗ್ಗಿಸುವ ಯೋಜನೆಯ ಎರಡನೆಯ ಹಂತದಲ್ಲಿ ನಮ್ಮ ಕರಾವಳಿಯಲ್ಲಿಯೂ ಜನರಿಗೆ ಆಶ್ರಯ ಕಟ್ಟಡಗಳು ನಿರ್ಮಾಣವಾಗಿವೆ. ಅವುಗಳ ಪಕ್ಕದಲ್ಲಿ, ಅಥವಾ ಎತ್ತರದ ಗೋಮಾಳ ಇಲ್ಲವೇ ಶಾಲಾ ಮೈದಾನದ ಬದಿಯಲ್ಲಿ, ಜಾನುವಾರುಗಳಿಗೆ ಒಂದು ಮಾಡು, ನೀರಿನ ತೊಟ್ಟಿ ಮತ್ತು ಮೇವಿನ ದಾಸ್ತಾನು ಇದ್ದರೆ ಮನೆ ಬಿಡಲು ಹಿಂಜರಿಯುವವರ ಸಂಖ್ಯೆ ತಾನಾಗಿಯೇ ಕಡಿಮೆಯಾಗುತ್ತದೆ. ಪರಿಹಾರ ನಿಧಿಯ 2022-23ರಿಂದ 2025-26ರ ಅವಧಿಯ ಮಾರ್ಗಸೂಚಿಯಲ್ಲಿಯೂ ಜಾನುವಾರು ಶಿಬಿರದ ಮೇವಿಗೆ ದೊಡ್ಡ ಪ್ರಾಣಿಗೆ ದಿನಕ್ಕೆ ರೂ. 80, ಸಣ್ಣ ಪ್ರಾಣಿಗೆ ರೂ. 45 ನೀಡಲು ಅವಕಾಶವಿತ್ತು.

ಆದುದರಿಂದ ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ. ನಮ್ಮ ಪಂಚಾಯಿತಿಯಲ್ಲಿ ಜಾನುವಾರುಗಳಿಗೆ ಗೊತ್ತುಪಡಿಸಿದ ಎತ್ತರದ ಜಾಗ ಯಾವುದು? ಅಲ್ಲಿ ಮೇವು ಮತ್ತು ನೀರಿನ ಹೊಣೆ ಯಾರದು? ನಾಯಿ, ಬೆಕ್ಕು ಕರೆತರುವ ಕುಟುಂಬಕ್ಕೆ ಕಾಳಜಿ ಕೇಂದ್ರದಲ್ಲಿ ಏನು ವ್ಯವಸ್ಥೆ?

ಮನೆಯ ಮಟ್ಟದಲ್ಲಿ ಇಂದೇ ಮಾಡಬಹುದಾದ ಕೆಲಸವೂ ಒಂದಿದೆ. ಒಂದು ಹಾಳೆಯ ಎಡಬದಿಯಲ್ಲಿ ಮನೆಯ ಪ್ರತಿಯೊಂದು ಜೀವದ ಹೆಸರನ್ನು ಬರೆಯಿರಿ, ಮನುಷ್ಯರದ್ದೂ ಪ್ರಾಣಿಗಳದ್ದೂ. ಬಲಬದಿಯಲ್ಲಿ, ಎಲ್ಲಿಗೆ ಹೋಗಬೇಕು ಮತ್ತು ಯಾರು ಕರೆದೊಯ್ಯಬೇಕು ಎಂಬುದನ್ನು ಬರೆಯಿರಿ. ಬಲಬದಿಯಲ್ಲಿ ಖಾಲಿ ಉಳಿದ ಸಾಲುಗಳನ್ನು ತುಂಬುವುದೇ ಮುಂಬರುವ ಋತುವಿಗೆ ತಮ್ಮ ಸಿದ್ಧತೆ.